ಚಿಕ್ಕವ್ವನ ಗಾಡಿಯೂ ಒಂದು ಕೋಳಿಯೂ

ಇಲ್ಲಿ ಬರೆಯುವುದರಲ್ಲಿ ಒಂದೆರಡು ವಿವರ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ನನ್ನ ನೆನಪಿನಲ್ಲಿ ಚಿಕ್ಕವ್ವನ ಲಗೇಜ್ ಆಟೊ ಹಳದಿ. ಅವಳು ಹಸಿರು ಎನ್ನುತ್ತಾಳೆ. ಗಾಡಿ ಈಗ ಧೂಳಿನ ಬಣ್ಣಕ್ಕೆ ತಿರುಗಿರುವುದರಿಂದ ಸಾಕ್ಷಿ ಹೇಳುವ ಸ್ಥಿತಿಯಲ್ಲಿಲ್ಲ. ಅವತ್ತು ಜೋರು ಗಾಳಿ ಇತ್ತೆಂದು ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ನಮ್ಮ ಚಳ್ಳಕೆರೆ ಸೀಮೆಯಲ್ಲಿ ಗಾಳಿ ಇಲ್ಲದ ದಿನ ಯಾವುದಿದೆ, ಹೇಳಿ? ಇತಿಹಾಸದಲ್ಲಿ ಎಂ.ಎ. ಮಾಡಿ, ಕೆಲವು ವರ್ಷ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ನಿಂತು, "ಕಣ್ಣಾರೆ ಕಂಡೆ ಅನ್ನುವವರನ್ನೇ ಮೊದಲು ಅನುಮಾನಿಸಿ" ಎಂದು ಪಾಠ ಹೇಳಿದವಳು ನಾನು. ಈಗ ಕಣ್ಣಾರೆ ಕಂಡವಳು ನಾನೇ ಆಗಿ ಕೂತಿದ್ದೇನೆ. ದಿನಚರಿ ಬರೆಯುವ ಅಭ್ಯಾಸವೇನೋ ಉಂಟು. ಆದರೆ ದಂಗುಬಡಿದ ದಿನ ನನ್ನ ಕೈ ಓಡುವುದಿಲ್ಲ. "ಇವತ್ತಿನದು ನಾಳೆ ಬರೆಯುತ್ತೇನೆ" ಎಂದು ಗೀಚಿ ಮಲಗಿಬಿಡುತ್ತೇನೆ. ಆ ವರ್ಷದ ದಿನಚರಿಯಲ್ಲಿ ಆ ಸಾಲು ಬಿಟ್ಟರೆ ಹೆಚ್ಚೇನೂ ಇಲ್ಲ.

ಇದನ್ನೆಲ್ಲ ಎಬ್ಬಿಸಿದ್ದು ಒಂದು ಮಂಡಕ್ಕಿ ಕಾಳು. ಒಗೆಯಲೆಂದು ಹಳೆಯ ಕೈಚೀಲವನ್ನು ಒಳಹೊರಗು ಮಾಡಿ ಕೊಡವಿದರೆ ಹೊಲಿಗೆಯ ಸಂದಿಯಿಂದ ಉದುರಿತು. ಬಿಸಾಡಲು ಮನಸ್ಸು ಬರದೆ ಬಾಯಿಗೆ ಹಾಕಿಕೊಂಡೆ. ಇಂಥ ಬುದ್ಧಿ ನನಗೆ ಮೊದಲಿಂದಲೂ ಇದೆ.

ನಮ್ಮ ಕಡೆ ಮಂಡಕ್ಕಿ ಅಂದರೆ ತಿಂಡಿಯಲ್ಲ, ಮರ್ಯಾದೆ. ಮನೆಗೆ ಬಂದವರ ಮುಂದೆ ಮಂಡಕ್ಕಿ ಇಡದಿದ್ದರೆ ಅವರು ಬಂದದ್ದು ಲೆಕ್ಕಕ್ಕೇ ಇಲ್ಲ. ನಾನು ಚಿಕ್ಕವಳಿದ್ದಾಗ ಚಳ್ಳಕೆರೆಯ ಗಾಳಿಗೇ ಶೇಂಗಾ ಎಣ್ಣೆಯ ವಾಸನೆ. ಬಸ್ಸಿನಲ್ಲಿ ನಿದ್ದೆ ಹೋದವರಿಗೂ ಊರು ಬಂತೆಂದು ಮೂಗೇ ಹೇಳುತ್ತಿತ್ತು. ಊರ ತುಂಬ ಎಣ್ಣೆ ಮಿಲ್ಲು. ಹಾಗಾಗಿ ಮಳೆ ಬಿದ್ದರೆ ಇಡೀ ಊರು ಒಮ್ಮೆಲೇ ಚುಂಯ್ ಎನ್ನುತ್ತದೆ ಎಂದು ನಂಬಿದ್ದೆ. ಮಳೆ ಅಪರೂಪವಾದ್ದರಿಂದ ಆ ನಂಬಿಕೆ ಬೇಗ ಸುಳ್ಳಾಗಲೂ ಇಲ್ಲ.

ರಜೆ ಬಂತೆಂದರೆ ಮೊಳಕಾಲ್ಮೂರಿನ ಚಿಕ್ಕವ್ವನ ಮನೆ. ಅವ್ವನ ತಂಗಿ, ಹೆಸರು ತಿಪ್ಪಕ್ಕ. ಮದುವೆಯಾದ ಸ್ವಲ್ಪ ಕಾಲಕ್ಕೇ ಚಿಕ್ಕಪ್ಪ ತೀರಿಕೊಂಡ, ಮಕ್ಕಳಿಲ್ಲ. "ಇನ್ನು ಇವಳ ಗತಿ ಏನು" ಎಂದು ನೆಂಟರೆಲ್ಲ ಗೋಡೆಗೊರಗಿ ಅಳುತ್ತಿದ್ದಾಗ, ಅತ್ತವರಿಗೆ ಹಸಿವಾಗಿರಬೇಕೆಂದು ಇವಳು ಎದ್ದು ಹೋಗಿ ಮೆಣಸಿನಕಾಯಿ ಕರಿದು ತಂದು ಇಟ್ಟಳಂತೆ. ಅವರು ಅಳು ನಿಲ್ಲಿಸಿ ತಿಂದರಂತೆ. ಅವ್ವ ಹೇಳುವ ಕಥೆ ಇದು. ಸಾವಿನ ಮನೆಯಲ್ಲಿ ಬಾಣಲೆ ಇಡುತ್ತಾರೆಯೇ ಎಂದು ನಾನು ಕೇಳಿದರೆ, "ಇಡಬಾರದು, ಅವಳು ಇಟ್ಲು" ಎನ್ನುತ್ತಾಳೆ. ಅಂತೂ ಬಸ್ ನಿಲ್ದಾಣದ ಎದುರಿಗೆ ತಗಡಿನ ಅಂಗಡಿಯೊಂದು ಎದ್ದಿತು. ಕಾಗದದ ಮೇಲೆ ಮಂಡಕ್ಕಿ ರಾಶಿ ಹಾಕಿ, ಹೆಬ್ಬೆರಳಲ್ಲಿ ಗುಂಡಿ ಮಾಡಿ, ಹಸಿ ಶೇಂಗಾ ಎಣ್ಣೆ ನಾಲ್ಕು ಹನಿ ಬಿಟ್ಟು, ಈರುಳ್ಳಿ, ಹುರಿಗಡಲೆ ಹಿಟ್ಟು ಉದುರಿಸಿ, ಮೇಲೆ ಬಿಸಿ ಮೆಣಸಿನಕಾಯಿಯನ್ನು ಸೀಳಿ ಇಟ್ಟು ಕೊಡುತ್ತಿದ್ದಳು. ಆ ಅಂಗಡಿಯಿಂದಾಗಿ ಎಷ್ಟು ಜನ ಬಸ್ಸು ತಪ್ಪಿಸಿಕೊಂಡರೋ ದೇವರೇ ಬಲ್ಲ.

ಆಮೇಲೆ ರಸ್ತೆ ಅಗಲವಾಯಿತು. ರಸ್ತೆ ಅಗಲವಾಗುವುದೆಂದರೆ ಏನೆಂದು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಮಿಷನ್ ಬಂತು, ಮಧ್ಯಾಹ್ನ ಚಿಕ್ಕವ್ವನ ಫೋನು ಬಂತು. "ಅಕ್ಕಾ, ಅಂಗಡಿ ಹೋತು. ಬಾಣಲೆ ಉಳೀತು" ಅಂದಳು. ಅಷ್ಟೇ. ಅವ್ವ ಒಂದು ದಿನ ಅತ್ತು, ಮರುದಿನ ನಮ್ಮ ಮನೆಯ ಹಿಂದಿನ ಕೋಣೆಯನ್ನು ಗುಡಿಸಿ ಸುಣ್ಣ ಹೊಡೆಸಿದಳು. ಗೋಣಿಚೀಲ, ಮುರಿದ ಸೈಕಲ್ಲು, ನನ್ನ ಪುಸ್ತಕಗಳು ಎಲ್ಲ ಹೊರಗೆ ಬಂದವು. ಆರೇಳು ತಿಂಗಳು ಕರೆದರೂ ಚಿಕ್ಕವ್ವ ಬರಲಿಲ್ಲ. ಆ ವರ್ಷ ಕಾಲೇಜಿನವರು ನನ್ನನ್ನು ಮತ್ತೆ ಕರೆದಿರಲಿಲ್ಲ. "ಕೆಲಸ ಇಲ್ದೋಳು ನೀನು. ಹೋಗಿ ಅವಳನ್ನ ಕರ್ಕಂಡು ಬಾ. ಇನ್ನು ಮ್ಯಾಲೆ ಇಲ್ಲೇ ಇರ್ಲಿ" ಎಂದು ಅವ್ವ ನನ್ನನ್ನು ಬಸ್ಸು ಹತ್ತಿಸಿದಳು.

ಮೊಳಕಾಲ್ಮೂರಿನಲ್ಲಿ ಚಿಕ್ಕವ್ವನ ಬಾಗಿಲು ತಟ್ಟಿದೆ. ತೆರೆದವಳು ಚಿಕ್ಕವ್ವನಲ್ಲ. ತಲೆಯ ಮೇಲೆ ಸೆರಗು ಹೊದ್ದ, ನನ್ನ ವಯಸ್ಸಿನ ಹೆಂಗಸು, ಹಿಂದಿಯಲ್ಲಿ ಯಾರು ಬೇಕು ಎಂದು ಕೇಳಿದಳು. ನಾನು ಎರಡು ಹೆಜ್ಜೆ ಹಿಂದೆ ಸರಿದು ಮನೆಯನ್ನು ನೋಡಿದೆ. ಅದೇ ನೀಲಿ ಬಾಗಿಲು, ಅದೇ ಸವೆದ ಹೊಸ್ತಿಲು. ನಾನು ಕಲಿತ ಹಿಂದಿಯೆಲ್ಲ ಕೂಡಿಸಿ, "ಯೇ ಮೇರಾ ಚಿಕ್ಕವ್ವ ಕಾ ಘರ್" ಅಂದೆ. ಅವಳು ನಕ್ಕು ಒಳಗಿನಿಂದ ಗಂಡನನ್ನು ಕರೆದಳು. ಅವನು ಹೊರಗೆ ಬಂದ ವೇಷದಲ್ಲೇ ಯಾರೆಂದು ತಿಳಿಯಿತು: ತಲೆಗೆ ಹಳದಿ ಟೋಪಿ, ಮೈಗೆ ಮಿರುಗುವ ಪಟ್ಟಿಯ ಕೋಟು. ಚಿಕ್ಕವ್ವನ ಅಂಗಡಿ ಕೆಡವಿದ ರಸ್ತೆಯ ಇಂಜಿನಿಯರು.

"ಆಂಟಿ ಗಾಡಿ ಮೇ ಹೈ" ಎಂದ. ಆಂಟಿ ಗಾಡಿಯಲ್ಲಿದ್ದಾರೆ! ಆಂಬುಲೆನ್ಸೇ ಇರಬೇಕೆಂದುಕೊಂಡು, ಯಾವ ಆಸ್ಪತ್ರೆ ಎಂದು ಕೇಳಿದೆ. ಅವನು ನಗುತ್ತಲೇ ಕೊಂಡ್ಲಹಳ್ಳಿಯ ದಿಕ್ಕಿಗೆ ಕೈ ತೋರಿಸಿದ.

ಕೊಂಡ್ಲಹಳ್ಳಿಗೆ ಸ್ವಲ್ಪ ಮುಂಚೆ, ಹುಣಸೆ ಮರದ ಕೆಳಗೆ ಕಂಡಳು. ಬಸ್ಸಿನ ಕಿಟಕಿಯಿಂದ ಕಂಡದ್ದನ್ನು ನಂಬದೆ ಮುಂದಿನ ನಿಲ್ದಾಣದಲ್ಲಿ ಇಳಿದು ಬಿಸಿಲಲ್ಲಿ ವಾಪಸು ನಡೆದೆ. ಲಗೇಜ್ ಆಟೊ. ಅದರ ಹಿಂಬಾಗಿಲು ಇಳಿಸಿದ್ದೇ ಕಟ್ಟೆ, ಅದರ ಮೇಲೆ ಒಲೆ, ಒಲೆಯ ಮೇಲೆ ಉಳಿದುಕೊಂಡ ಬಾಣಲೆ. ಮುಂದೆ ಡ್ರೈವರ್ ಸೀಟಿನಲ್ಲಿ, ಸೀರೆಯ ಮೇಲೆ ಚಿಕ್ಕಪ್ಪನ ತುಂಬುತೋಳಿನ ಅಂಗಿ ತೊಟ್ಟು, ಹ್ಯಾಂಡಲ್ಲಿನ ಮೇಲೆ ಒಂದು ಕಾಲು ಚಾಚಿ ಕೂತು ಚಿಕ್ಕವ್ವ ಶೇಂಗಾ ಸುಲಿಯುತ್ತಿದ್ದಳು.

"ಏಮಮ್ಮಾ, ಇಟ್ಲೊಚ್ಚಿನಾವ್?" ಅಂದಳು. ಮೊಳಕಾಲ್ಮೂರಿನವರಿಗೆ 'ಇತ್ತ ಯಾಕೆ ಬಂದೆ' ಎಂಬ ಮಾತು ತೆಲುಗಿನಲ್ಲೇ ಮೊದಲು ಹೊರಡುವುದು.

"ಚಿಕ್ಕವ್ವ, ಮನೆ?"

"ಬಾಡಿಗೆಗೆ ಕೊಟ್ಟೀನಿ."

"ಯಾರಿಗೆ ಕೊಟ್ಟಿದ್ದೀಯ ಅಂತ ಗೊತ್ತಾ? ನಿನ್ನ ಅಂಗಡಿ ಕೆಡವಿದೋನಿಗೆ!"

"ಅವನೆಲ್ಲಿ ಕೆಡವಿದ, ಮಿಷನ್ ಕೆಡವಿತು. ಪಾಪ, ಅದೇ ಸಿಟ್ಟಿಗೆ ಊರಾಗೆ ಯಾರೂ ಅವನಿಗೆ ಮನೆ ಕೊಡ್ಲಿಲ್ಲ. ನಾನು ಕೊಟ್ಟೆ. ತಿಂಗಳು ತಿಂಗಳು ಸರಿಯಾಗಿ ಬಾಡಿಗೆ ಕೊಡ್ತಾನೆ, ಗ್ವಾಡೆಗೆ ಮೊಳೆ ಹೊಡಿಯಲ್ಲ. ಇನ್ನೇನು ಬೇಕು?"

"ಮತ್ತೆ ನೀನೆಲ್ಲಿ ಮಲಗ್ತೀಯ?"

ಕುದುರೆಯ ಬೆನ್ನು ತಟ್ಟುವಂತೆ ಗಾಡಿಯ ಹಿಂಭಾಗವನ್ನು ತಟ್ಟಿದಳು. "ಟಾರ್ಪಾಲ್ ಐತೆ, ಕಂಬಳಿ ಐತೆ. ಎದ್ದ ಊರೇ ನಮ್ಮೂರು."

"ಗಾಡಿ ಓಡಿಸೋಕೆ ಯಾರು ಕಲಿಸಿದ್ರು?"

"ನಮ್ಮ ಅಂಗಡಿಗೆ ಮಂಡಕ್ಕಿ ಚೀಲ ತರ್ತಿದ್ನಲ್ಲ ರಹೀಮಣ್ಣ, ಅವನೇ. 'ಬ್ರೇಕು ಒಂದು ಗೊತ್ತಿರ್ಲಿ ಅಕ್ಕ, ಮಿಕ್ಕಿದ್ದು ಆಹಿಸ್ತಾ ಆಹಿಸ್ತಾ ಬರ್ತದೆ' ಅಂದ. ಲೈಸೆನ್ಸೂ ಬಂತು. ಟೆಸ್ಟ್ ದಿನ ಹೆಂಗೋ ಆತು, ಆಮ್ಯಾಲೆ ರಿವರ್ಸ್ ಒಂದು ಮರ್ತೋತು."

ಇದು ಸುಳ್ಳಾಗಿರಲಿಲ್ಲ. ಆ ಸಂಜೆ ಅವಳ ಪಕ್ಕದಲ್ಲಿ ಮುದುಡಿ ಕೂತು ಚಳ್ಳಕೆರೆಗೆ ಬರುವಾಗ, ಒಂದು ತಿರುವು ತಪ್ಪಿದ್ದಕ್ಕೆ ಹಿಂದಕ್ಕೆ ಬರಲಾರದೆ ಒಂದು ಊರನ್ನೇ ಸುತ್ತು ಹಾಕಿಸಿದಳು. ನಾನು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದುದರಿಂದ ಆ ಊರು ಯಾವುದೆಂದು ಹೇಳಲಾರೆ.

ಅವ್ವ ಗಾಡಿ ನೋಡಿದಳು, ಅಂಗಿ ನೋಡಿದಳು, ಹೊಸ್ತಿಲ ಮೇಲೆ ಕುಸಿದು ಕೂತಳು.

"ಏನೇ ತಿಪ್ಪಿ ಇದು? ಮನೆ ಮಠ ಬಿಟ್ಟು ಬೀದಿ ಬೀದಿ ಸುತ್ತೋದು? ನಾಳೆ ಎಲ್ಲಾದ್ರೂ ಬಿದ್ರೆ ಯಾರು ಎತ್ತೋರು?"

"ಅಂಗಡೀಲಿ ಕುಂತಾಗ ಬೀಳಲ್ಲ ಅಂದ್ಕಂಡಿದ್ದೆ ಅಕ್ಕ. ಅಂಗಡಿನೇ ಬಿತ್ತು."

"ಹಿಂದಿನ ಕೋಣೆಗೆ ಸುಣ್ಣ ಹೊಡ್ಸೀನಿ."

"ನೋಡ್ದೆ. ಚೆನ್ನಾಗೈತೆ. ಆದ್ರೆ ಕಿಟಕಿ ಗ್ವಾಡೆ ಕಡೆಗೈತೆ."

ವಾದ ಊಟದವರೆಗೂ ನಡೆಯಿತು. ಕೊನೆಗೆ ಚಿಕ್ಕವ್ವನೇ ಒಂದು ಮಾತು ಕೊಟ್ಟಳು. ಅವಳು ವ್ಯಾಪಾರ ಮಾಡುತ್ತಿದ್ದುದು ಹಟ್ಟಿಗಳಲ್ಲಿ, ದನ-ಕುರಿ ಸಾಕುವವರ ವಾಸದ ಜಾಗಗಳಲ್ಲಿ. ಅಲ್ಲಿಗೆ ಬಿಸಿ ಮೆಣಸಿನಕಾಯಿ ಒಯ್ಯುವವರು ಬೇರೆ ಯಾರೂ ಇರಲಿಲ್ಲ. "ಹಟ್ಟಿಯೋರು ಬ್ಯಾಡ ಅಂದ ದಿನ ಗಾಡಿ ಮಾರಿ ಬಂದು ನಿನ್ನ ಹಿಂದಿನ ಕೋಣ್ಯಾಗೆ ಕುಂತ್ಕಂತೀನಿ. ಆಯ್ತಾ?" ಅವ್ವ ಒಪ್ಪಿದಳು. ಅಂಥ ದಿನ ಬೇಗ ಬರಲಿ ಎಂದು ದೇವರಿಗೆ ಕಾಯಿ ಹರಸಿಕೊಂಡಳೆಂದು ನನ್ನ ಗುಮಾನಿ.

ಕೆಲಸವಿಲ್ಲದ ನಾನು ಕಾವಲಿಗೆಂದು ಚಿಕ್ಕವ್ವನ ಜೊತೆ ಹೊರಟೆ. ಯಾರಿಗೆ ಯಾರು ಕಾವಲು ಎಂಬುದು ಮೊದಲ ದಿನವೇ ಗೊತ್ತಾಯಿತು. ಒಂದು ನಾಯಿಗೆ ಹೆದರಿ ನಾನು ಗಾಡಿಯ ಮೇಲೆ ಹತ್ತಿ ಕೂತಿದ್ದೆ. ಕುದಾಪುರದ ಕಡೆ ಹುಲ್ಲುಗಾವಲಿಗೆ ಉದ್ದಕ್ಕೂ ಬೇಲಿ ಬಿದ್ದಿದೆ. ಒಳಗೆ ದೊಡ್ಡ ದೊಡ್ಡ ಸಂಶೋಧನೆಗಳು. ಮೊದಲು ನಡುವೆ ಹಾದು ಹೋಗುತ್ತಿದ್ದ ಕಾಲುದಾರಿಗಳು ಈಗ ಬೇಲಿ ಸುತ್ತಿ ಹೋಗಬೇಕು. ಹಟ್ಟಿಯವರಿಗೆ ಪೇಟೆ ದೂರವಾಯಿತು. ಪೇಟೆಯೇ ಅವರಲ್ಲಿಗೆ ಹೋದರೆ ಹೇಗೆ ಎಂದು ಚಿಕ್ಕವ್ವನಿಗೆ ಹೊಳೆದದ್ದು ಅಲ್ಲೇ. ಒಳಗೆ ಅವರು ರಾಕೆಟ್ಟೋ ಏನೋ ಮಾಡುತ್ತಿದ್ದರೆ, ಹೊರಗೆ ಬೇಲಿಯ ನೆರಳಲ್ಲಿ ನಾವು ಈರುಳ್ಳಿ ಹೆಚ್ಚುತ್ತಿದ್ದೆವು.

ಈಗ ಆ ಹಟ್ಟಿಯ ವಿಷಯ. ಹೆಸರು ಬೇಡ. ಕೊಂಡ್ಲಹಳ್ಳಿಗೂ ಕುದಾಪುರಕ್ಕೂ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. ಚಿಕ್ಕವ್ವನ ವ್ಯಾಪಾರಕ್ಕೆ ಅದೇ ದೊಡ್ಡದು. ನಮ್ಮ ಸೀಮೆಯವರಿಗೆ ಗೊತ್ತಿರುವುದೇ, ಹೊರಗಿನವರಿಗೆ ಹೇಳಬೇಕು: ಕೋಳಿ ಸೇರದ ಹಟ್ಟಿಗಳು ಇಲ್ಲಿವೆ. ಅಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಮುಟ್ಟುವುದಿಲ್ಲ. ಮೊಟ್ಟೆಯೂ ಒಳಗೆ ಬರುವಂತಿಲ್ಲ. ಮುಳ್ಳುಬೇಲಿಯ ದೊಡ್ಡಿಯಲ್ಲಿ ದೇವರ ಎತ್ತುಗಳಿರುತ್ತವೆ. ನೊಗ ಕಾಣದ ಎತ್ತುಗಳು, ಅವುಗಳ ಸುತ್ತ ಕಟ್ಟುನಿಟ್ಟು ಬಹಳ. ಚಿಕ್ಕವ್ವ 'ಮೊಟ್ಟೆ ಬೋಂಡ' ಎಂಬ ಮಾತನ್ನೇ ಗಾಡಿಯಲ್ಲಿ ಆಡಗೊಡುತ್ತಿರಲಿಲ್ಲ.

ಹಟ್ಟಿಗೆ ಹೋಗುವ ದಾರಿಯಲ್ಲಿ ಒಂದು ಗಡಿಕಲ್ಲು. ಅದರ ಹೊರಬದಿಗೆ ಬೇವಿನ ಮರ, ಮರದ ಕೆಳಗೊಂದು ತಗಡಿನ ಸೂರು. ಮೊದಲ ಸಲ ಹೋದಾಗ ಅಲ್ಲಿ ಯಾರೋ ಕೂತು ಓದುತ್ತಿದ್ದರು. ಗಾಡಿ ಹತ್ತಿರ ಬಂದಾಗ ಆಕೆ ತಲೆಯೆತ್ತಿ, "ನಮಸ್ತೆ ಮೇಡಂ" ಅಂದಳು.

ನಾನು ಬೆಚ್ಚಿಬಿದ್ದೆ. ಚಂದ್ರಕಲಾ! ನನ್ನ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂತು ನನಗೇ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳುತ್ತಿದ್ದವಳು.

"ಇಲ್ಲೇನು ಮಾಡ್ತಿದ್ದೀಯ?"

"ಹೊರಗೆ ಕೂತೀನಿ ಮೇಡಂ. ತಿಂಗಳದ್ದು."

ಹೇಳುವಾಗ ಅವಳಿಗೆ ನಾಚಿಕೆಯೇನೂ ಇರಲಿಲ್ಲ, ದೃಷ್ಟಿ ತಪ್ಪಿಸಿದ್ದು ನಾನು. ಪಕ್ಕದಲ್ಲಿ ಎಳೆಗೂಸನ್ನು ತೊಡೆಯ ಮೇಲೆ ಹಾಕಿಕೊಂಡ ಬಾಣಂತಿ, ಇನ್ನೊಬ್ಬಾಕೆ ನಡುವಯಸ್ಸಿನವಳು. ಸ್ವಲ್ಪ ದೂರದಲ್ಲಿ ತಟ್ಟೆಯಲ್ಲಿ ಯಾರೋ ಇಟ್ಟು ಹೋದ ಮುದ್ದೆ. ನನ್ನ ಮುಖ ಹೇಗಾಗಿತ್ತೋ, ಚಂದ್ರಕಲಾ ನನ್ನನ್ನೇ ಸಮಾಧಾನ ಮಾಡಿದಳು. "ಓದೋಕೆ ಇಲ್ಲೇ ಆರಾಮ ಮೇಡಂ. ಒಳಗಿದ್ರೆ ನೀರು ತಾ, ಕಸ ಹೊಡಿ ಅಂತಾರೆ. ಆದ್ರೆ ತಣ್ಣಗಿನ ಮುದ್ದೆ ಉಣ್ಣುವಾಗ ನಿಮ್ಮ ಗಾಡಿ ಮೆಣಸಿನಕಾಯಿ ವಾಸನೆ ಬರ್ತದಲ್ಲ, ಅದೊಂದು ತಡಿಯಾಕಾಗಲ್ಲ."

ಚಿಕ್ಕವ್ವ ಬ್ರೇಕು ಹಾಕಿದಳು. ಅಷ್ಟರಲ್ಲಿ ಒಳಗಿನಿಂದ ಯಜಮಾನ ಬೋರಯ್ಯನವರು ಕೋಲೂರಿಕೊಂಡು ಬಂದು ಕಲ್ಲಿನ ಒಳಬದಿಯಲ್ಲೇ ನಿಂತರು. ಒಳ್ಳೆಯ ಮನುಷ್ಯ, ಮಾತು ಕಡಿಮೆ.

"ತಿಪ್ಪಕ್ಕ, ಅಲ್ಲಿ ನಿಂತು ಕೊಟ್ರೆ ಆ ಗಾಡಿ ಇಲ್ಲಿಗೆ ಬರಂಗಿಲ್ಲವ್ವ. ಒಂದು ಕಡೆ ಇರು."

"ಅವರಿಗೂ ಬಾಯಿ ಐತಲ್ರಿ ಯಜಮಾನ್ರೇ."

"ಐತೆ. ನಾನೇನು ಮಾಡ್ಲಿ, ನಾನು ಹುಟ್ಟೋಕೆ ಮುಂಚೆ ಮಾಡಿದ್ದು. ಮುರಿಯೋಕೆ ನನ್ನೊಬ್ಬನ ಕೈಲಿ ಆಗ್ತೈತಾ?"

ಚಿಕ್ಕವ್ವ ಮೂವರು ಹೆಂಗಸರನ್ನು ನೋಡಿದಳು, ಒಳಗೆ ಕಾಯುತ್ತಿದ್ದ ಗುಂಪನ್ನು ನೋಡಿದಳು. ಗಾಡಿ ಒಳಗೆ ಬಿಟ್ಟಳು. ವ್ಯಾಪಾರ ಚೆನ್ನಾಗಿ ಆಯಿತು, ಆದರೆ ಅವಳು ನಗಲಿಲ್ಲ. ಒಳಗೂ ನಾನು ಗಮನಿಸಿದೆ: ಸೊಸೆಯಂದಿರು ಬರುತ್ತಿದ್ದರು, ಪೊಟ್ಟಣ ಕೊಂಡು ಸೆರಗಿನಲ್ಲಿ ಮುಚ್ಚಿ ಹೋಗುತ್ತಿದ್ದರು. ಮಾವಂದಿರ ಎದುರಿಗೆ ನಿಂತು ತಿನ್ನುವವರು ಒಬ್ಬರೂ ಇರಲಿಲ್ಲ.

ವಾಪಸು ಬರುವಾಗ ಅವಳು ಗಾಳಿಗೆ ಮುಖ ಕೊಟ್ಟು ಒಂದು ಮಾತು ಅಂದಳು. "ನಾನಾಗೇ ಹೊರಗೆ ನಿಂತ್ರೆ ಒಳಗಿನೋರಿಗೆ ಅವಮಾನ. ಅವರೇ ಹೊರಗೆ ಹಾಕಿದ್ರೆ ಬೇರೆ ಮಾತು." ಅಂದಳೆಂದು ನನ್ನ ನೆನಪು. ಇಂಜಿನ್ ಸದ್ದಿನಲ್ಲಿ ಸರಿಯಾಗಿ ಕೇಳಿಸಿತೇ, ಆಮೇಲೆ ನಡೆದದ್ದನ್ನು ನೋಡಿ ನಾನೇ ಅವಳ ಬಾಯಿಗೆ ಈ ಮಾತು ಹಾಕಿದೆನೇ, ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ.

ಮುಂದಿನ ಸಲ ಹೊರಟದ್ದು ನಮ್ಮ ಮನೆಯಿಂದ, ಬೆಳಕು ಹರಿಯುವ ಮುನ್ನ. ಅವ್ವ ಇನ್ನೂ ಎದ್ದಿರಲಿಲ್ಲ. ಹಿಂದೆ ಮಂಡಕ್ಕಿ ಚೀಲ, ಕಡಲೆಹಿಟ್ಟು, ಎಣ್ಣೆ ಡಬ್ಬ, ಮೂಲೆಯಲ್ಲಿ ಕಂಬಳಿ. ನಾನು ತೂಕಡಿಸುತ್ತಾ ಕೂತಿದ್ದೆ. ಹಟ್ಟಿ ತಲುಪಿದಾಗ ಬಿಸಿಲು ಬಂದಿತ್ತು. ಬೇವಿನ ಕೆಳಗೆ ಆ ದಿನ ಬಾಣಂತಿ ಮಾತ್ರ ಇದ್ದಳು; ಚಂದ್ರಕಲಾ ಒಳಗೆ ಗುಂಪಿನಲ್ಲಿದ್ದಳು. ಗಾಡಿ ನಿಂತಿತು. ಚಿಕ್ಕವ್ವ ಒಲೆ ಹಚ್ಚಿ ಬಾಣಲೆ ಇಟ್ಟು, "ಆ ಕಂಬಳಿ ಸರ್ಸಿ ಚೀಲ ಬಿಚ್ಚೇ" ಅಂದಳು.

ಕಂಬಳಿ ಎಳೆದೆ. ಅದರಡಿಯಿಂದ ಏನೋ ಬುರ್ರನೆ ಎದ್ದು ನನ್ನ ಕಿವಿ ಸವರಿ, ಹಟ್ಟಿಯ ನಟ್ಟನಡುವೆ ಇಳಿಯಿತು. ಇಳಿದು, ರೆಕ್ಕೆ ಸರಿಪಡಿಸಿಕೊಂಡು, "ಕೊಕ್ಕೊಕ್ಕೋ" ಎಂದಿತು.

ಕೋಳಿ.

ಅಷ್ಟು ಜನ ಒಟ್ಟಿಗೆ ಉಸಿರು ಬಿಗಿಹಿಡಿದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮರುಕ್ಷಣ ಎಲ್ಲರೂ ಹಿಂದೆ ಹಿಂದೆ ಸರಿದರು. ಹುಲ್ಲುಗಾವಲಿನಲ್ಲಿ ತೋಳಕ್ಕೆ ಎದುರು ನಿಂತ ಗಂಡಸರು ಕೋಲು ಬಿಗಿಹಿಡಿದು ಗೋಡೆಗೆ ಅಂಟಿಕೊಂಡರು. ಕೋಳಿ ಮಾತ್ರ ಚೆಲ್ಲಿದ ನಾಲ್ಕು ಮಂಡಕ್ಕಿ ಹೆಕ್ಕಿ ತಿಂದು, ಊರು ನೋಡಲು ಬಂದ ನೆಂಟರ ಹಾಗೆ ಅತ್ತಿತ್ತ ಕತ್ತು ತಿರುಗಿಸಿ, ನೇರವಾಗಿ ಮುಳ್ಳುಬೇಲಿಯ ಕಡೆ ಹೆಜ್ಜೆ ಹಾಕಿತು.

"ಅಯ್ಯೋ, ದೇವ್ರ ಎತ್ತು! ದೇವ್ರ ಎತ್ತಿನ ಕಡೆ ಹೋತು!" ಎಂದು ಮುದುಕಿಯೊಬ್ಬಳು ಚೀರಿದಳು.

ಆಗ ನನಗೆ ಅರ್ಥವಾಯಿತು: ಆ ಇಡೀ ಹಟ್ಟಿಯಲ್ಲಿ ಆ ಕೋಳಿಯನ್ನು ಹಿಡಿಯಬಲ್ಲವರು ಒಬ್ಬರೂ ಇಲ್ಲ. ಅವರು ಮುಟ್ಟುವಂತಿಲ್ಲ. ಮುಟ್ಟಬಹುದಾದವರು ನಾವಿಬ್ಬರೇ, ಅದರಲ್ಲಿ ಚಿಕ್ಕವ್ವ ಬಾಣಲೆ ಮುಚ್ಚುವುದರಲ್ಲಿದ್ದಳು. ಕಂಬಳಿ ಹಿಡಿದು ಓಡಿದೆ. ಜೀವಮಾನದಲ್ಲಿ ಕೋಳಿ ಹಿಡಿದವಳಲ್ಲ ನಾನು. ಅದು ಎಡಕ್ಕೆ ಹೋದರೆ ನಾನು ಬಲಕ್ಕೆ, ನಾನು ಬಾಗಿದರೆ ಅದು ಹಾರಿತು. ಚಪ್ಪಲಿ ಒಂದು ಕಡೆ, ನಾನು ಒಂದು ಕಡೆ. ಮೊದಲು ಹೆದರಿದ್ದ ಮಕ್ಕಳು ಕಿಸಕ್ಕನೆ ನಕ್ಕವು. "ಎಡಕ್ಕೆ ಮೇಡಂ, ಎಡಕ್ಕೆ! ಮುಂದುಗಡೆಯಿಂದ ಅಡ್ಡ ಹಾಕ್ರಿ!" ಎಂದು ಚಂದ್ರಕಲಾ ಕೂಗುತ್ತಿದ್ದಳು. ದೊಡ್ಡಿಯ ಬಾಗಿಲಿಗೆ ಇನ್ನೊಂದು ಮಾರು ಇದೆ ಎನ್ನುವಾಗ ಕಂಬಳಿ ಸಮೇತ ಅದರ ಮೇಲೆ ಬಿದ್ದೆ. ಕೋಳಿ ಸಿಕ್ಕಿತು. ಮೊಣಕಾಲಿನ ಗಾಯದ ಗುರುತು ಇನ್ನೂ ಇದೆ. ಈ ಕಥೆಯಲ್ಲಿ ನಾನು ಅನುಮಾನಪಡದ ಸಾಕ್ಷಿ ಅದೊಂದೇ.

ಬೋರಯ್ಯನವರು ಮುಂದೆ ಬಂದರು. ಬಯ್ಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

"ತಿಪ್ಪಕ್ಕ, ಮೊದಲು ಗಾಡಿ ಹೊರಗೆ ತಗಿ. ಮುಂದಕ್ಕೆ ದೇವ್ರ ಗುಡಿ ಐತೆ, ಅದರ ಮುಂದೆ ಹಾಯಂಗಿಲ್ಲ. ಬಂದಂಗೇ ಹಿಂದಕ್ಕೆ ಹೋಗು."

ಹಿಂದಕ್ಕೆ! ರಿವರ್ಸ್ ಮರೆತವಳಿಗೆ! ತಳ್ಳಿಕೊಡಿ ಎನ್ನೋಣವೆಂದರೆ ಕೋಳಿ ಕೂತಿದ್ದ ಗಾಡಿಯನ್ನು ಯಾರೂ ಮುಟ್ಟುವುದಿಲ್ಲ. ಚಿಕ್ಕವ್ವ ಸೀಟಿನಲ್ಲಿ ಕೂತಳು, ಗೇರು ಎಳೆದಳು, ಕತ್ತು ತಿರುಗಿಸಿದಳು. ಎರಡು ಸಾಲು ಗುಡಿಸಲುಗಳ ನಡುವಿನ ಕಿರುದಾರಿಯಲ್ಲಿ, ಒಂದು ಬೇಲಿಗೂ ಒಂದು ಹಗ್ಗಕ್ಕೂ ತಾಗಿಸದೆ, ದಾರ ಹಿಡಿದಂತೆ ನೆಟ್ಟಗೆ ಹಿಂದಕ್ಕೆ ಬಿಟ್ಟು ಗಡಿಕಲ್ಲು ದಾಟಿಸಿ ನಿಲ್ಲಿಸಿದಳು. ನಾನು ಕಂಬಳಿಯಲ್ಲಿ ಕೋಳಿ ಸುತ್ತಿಕೊಂಡು ಬಾಯಿ ತೆರೆದು ನಿಂತಿದ್ದೆ.

"ಚಿಕ್ಕವ್ವ, ರಿವರ್ಸ್ ಯಾವಾಗ ಕಲ್ತೆ?"

"ಕಷ್ಟ ಬಂದಾಗ ಬರ್ತೈತೆ."

ಹಟ್ಟಿಯ ಹಿರಿಯರು ಕೂತು ಮಾತಾಡಿದರು. ನೆಲಕ್ಕೆ ಗಂಜಲ ಚಿಮುಕಿಸಿದರು. ಬೋರಯ್ಯನವರು ಕಲ್ಲಿನ ಹತ್ತಿರ ಬಂದು ತೀರ್ಮಾನ ಹೇಳಿದರು: "ನೀನು ಬೇಕಂತ ಮಾಡಿದ್ದಲ್ಲ, ನಮಗೂ ಗೊತ್ತು. ಮೂಕ ಜೀವ, ಮಂಡಕ್ಕಿ ಆಸೆಗೆ ಹತ್ತಿರ್ತೈತೆ. ಆದ್ರೂ ಇನ್ನು ಮ್ಯಾಲೆ ಈ ಗಾಡಿ ಕಲ್ಲು ದಾಟಂಗಿಲ್ಲ." ಚಿಕ್ಕವ್ವ ತಲೆ ತಗ್ಗಿಸಿ ಕೈ ಮುಗಿದಳು.

ಮುಗಿಯಿತು ಎಂದುಕೊಂಡೆ. ಸುಣ್ಣ ಹೊಡೆದ ಕೋಣೆ ಕಣ್ಣೆದುರು ಬಂತು. ಗೋಡೆ ನೋಡುವ ಕಿಟಕಿಯ ಮುಂದೆ ಚಿಕ್ಕವ್ವ ಕೂತಿರುವುದೂ ಕಂಡಿತು. ಅವಳು ಮಾತ್ರ ಗಾಡಿಯನ್ನು ಬೇವಿನ ನೆರಳಿಗೆ ಸರಿಸಿ, ಒಲೆ ಮತ್ತೆ ಹಚ್ಚಿದಳು. ಮೆಣಸಿನಕಾಯಿಯ ಖಾರ ಬಾಣಂತಿಗೆ ಆಗದೆಂದು ಅವಳಿಗೆ ಬರೀ ಮಂಡಕ್ಕಿಗೆ ತುಪ್ಪದ ಒಗ್ಗರಣೆ ಹಾಕಿ ಕೊಟ್ಟಳು. ತುಪ್ಪ ಯಾವಾಗ ತಂದಿದ್ದಳೋ ಕಾಣೆ. ಬಾಣಂತಿ ಒಂದು ತುತ್ತು ಬಾಯಿಗಿಟ್ಟು, "ಬಿಸಿ ಐತಲ್ಲವ್ವ!" ಎಂದು ಬೆರಗಾದಳು.

ಕೋಳಿ ನಮ್ಮ ಮನೆಯದೇ. ಸಂಜೆ ಅದನ್ನು ಅವ್ವನ ಕೈಗೆ ಕೊಟ್ಟೆ. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯ. "ಇದೆಂಗೆ ಹೋತು? ರಾತ್ರಿ ಕೋಳಿ ಎಲ್ಲವನ್ನೂ ಮಂಕರಿ ಬುಟ್ಟಿ ಅಡಿಗೆ ಮುಚ್ಚಿ ಮ್ಯಾಲೆ ಕಲ್ಲು ಹೇರಿದ್ದೆ. ಬೆಳಿಗ್ಗೆ ನೋಡಿದ್ರೆ ಕಲ್ಲು ಹಂಗೇ ಐತೆ, ಒಂದು ಕೋಳಿ ಕಮ್ಮಿ!" ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ ಚಿಕ್ಕವ್ವ, "ನೀನು ಮುಚ್ಚುವಾಗ್ಲೇ ಅದು ಗಾಡಿಯಾಗೆ ಸೇರಿರ್ಬೇಕು ಬಿಡಕ್ಕ" ಅಂದಳು. ಅದೂ ಸಾಧ್ಯವೇ. ಹಿಂದಿನ ಸಂಜೆ ಗಾಡಿಯ ಹಿಂಬಾಗಿಲು ಹಾಕಿದ್ದು ನಾನು ಎಂದು ನನ್ನ ನೆನಪು, ಹಾಕಿರಲೇ ಇಲ್ಲ ಎಂದು ಚಿಕ್ಕವ್ವನ ನೆನಪು. "ಕೊಟ್ಟ ಮಾತು ನೆನಪೈತಾ?" ಎಂದು ಅವ್ವ ಕೇಳಿದಳು. "ಬ್ಯಾಡ ಅಂದಿಲ್ಲವಲ್ಲ ಅಕ್ಕ, ಕಲ್ಲು ದಾಟಬ್ಯಾಡ ಅಂದ್ರು. ನೋಡೋಣ."

ನೋಡಿದ ಮೊದಲ ದಿನಗಳು ಚೆನ್ನಾಗಿರಲಿಲ್ಲ. ಒಳಗಿನಿಂದ ಒಬ್ಬರೂ ಬರಲಿಲ್ಲ. ಹೊರಗೆ ಕೂತ ಒಬ್ಬಿಬ್ಬರಿಗಾಗಿ ಬಾಣಲೆ ತುಂಬ ಎಣ್ಣೆ ಕಾಯುತ್ತಿತ್ತು. ಕರಿದದ್ದು ಉಳಿದು ತಣ್ಣಗಾಗಿ ನಾವೇ ರಾತ್ರಿಯೂಟಕ್ಕೆ ತಿನ್ನುತ್ತಿದ್ದೆವು. ಬೇರೆ ಹಟ್ಟಿಗಳಿಗೂ ಸುದ್ದಿ ಮುಟ್ಟಿ, ಅಲ್ಲೂ "ಹೊರಗೇ ನಿಲ್ಲವ್ವ" ಎಂದರು. ಚಿಕ್ಕವ್ವ ಒಂದು ಮಧ್ಯಾಹ್ನ ಹ್ಯಾಂಡಲ್ಲಿನ ಮೇಲೆ ಹಣೆಯಿಟ್ಟು ಬಹಳ ಹೊತ್ತು ಕೂತಿದ್ದಳು. ಅವಳನ್ನು ಹಾಗೆ ನೋಡಿದ್ದು ಅದೇ ಮೊದಲು. ನಾನು ಕೋಣೆಯ ಮಾತೆತ್ತಿದೆ. "ಇನ್ನೊಂದು ಸಲ" ಅಂದಳು, ತಲೆ ಎತ್ತದೆ.

ಆ ಇನ್ನೊಂದು ಸಲ ಗಾಳಿ ಹೊರಗಿನಿಂದ ಹಟ್ಟಿಯ ಕಡೆಗಿತ್ತು. ಬೇವಿನ ಕೆಳಗಿದ್ದ ಚಂದ್ರಕಲಾಗೆ ಕೊಡಲೆಂದು ಮೆಣಸಿನಕಾಯಿ ಬಿಟ್ಟ ಸ್ವಲ್ಪ ಹೊತ್ತಿಗೆ ಬೋರಯ್ಯನವರೇ ಕಲ್ಲಿನ ಹತ್ತಿರ ಬಂದು ಕೆಮ್ಮಿದರು.

"ಏನ್ರಿ ಯಜಮಾನ್ರೇ?"

"ಏನಿಲ್ಲ. ವಾಸನೆ ಬಂತು." ಕೋಲಿನಿಂದ ನೆಲ ಕೆರೆದರು. "ಚಳ್ಳಕೆರೆಗೆ ಹೋದಾಗ ಹೋಟ್ಲಾಗೆ ತಿಂದು ಬಂದು, ಕೈಕಾಲು ತೊಳ್ಕಂಡು ಒಳಗೆ ಹೋಗ್ತೀವಲ್ಲ. ಇದೂ ಹಂಗೇ ಅಂದ್ಕಂಡ್ರೆ?"

"ನೀವು ಹೇಳಿದ ಮ್ಯಾಲೆ ಹಂಗೇ."

ಅವರು ಕಲ್ಲು ದಾಟಿ ಬಂದರು. ಮುಖ ಆಚೆ ತಿರುಗಿಸಿ ನಿಂತೇ ತಿಂದರು. ಬಾಯಿ ಸುಟ್ಟುಕೊಂಡದ್ದನ್ನು ಮುಚ್ಚಿಡಲು ಪಟ್ಟ ಪಾಡು ನೋಡಿ ಚಂದ್ರಕಲಾ ಪುಸ್ತಕದ ಹಿಂದೆ ಮುಖ ಮರೆಸಿಕೊಂಡು ನಕ್ಕಳು. ತಿಂದು, ಬಾವಿಯ ತೊಟ್ಟಿಯಲ್ಲಿ ಕೈಕಾಲು ತೊಳೆದುಕೊಂಡು ಒಳಗೆ ಹೋದರು. ಅಲ್ಲಿಂದ ದಾರಿ ತೆರೆಯಿತು.

ನನಗೆ ನಿಜವಾಗಿ ದಿಗ್ಭ್ರಮೆಯಾದದ್ದು ಗಂಡಸರು ಬಂದದ್ದಕ್ಕಲ್ಲ. ಅವರ ಹಿಂದೆ ಹೆಂಗಸರು ಬಂದರು. ಒಳಗೆ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದ ಸೊಸೆಯಂದಿರು ಕಲ್ಲಿನ ಆಚೆ ಬಂದೊಡನೆ ಬೇವಿನ ಬೇರುಗಳ ಮೇಲೆ ಕಾಲು ಚಾಚಿ ಕೂತರು. ಗಟ್ಟಿಯಾಗಿ ಮಾತಾಡಿದರು. ಗಟ್ಟಿಯಾಗಿ ನಕ್ಕರು. ಖಾರ ಹತ್ತಿ ಮೂಗು ಒರೆಸಿಕೊಳ್ಳುತ್ತ ಅತ್ತೆಯಂದಿರ ನಡೆ ನುಡಿ ಅನುಕರಿಸಿ ತೋರಿಸಿದರು. "ನಮ್ಮತ್ತೆ ಮಂಡಕ್ಕಿ ತಿನ್ನೋದು ನೋಡ್ರೇ, ಕಾಳು ಕಾಳು ಎಣಿಸ್ಕಂಡು!" ಹೊರಗೆ ಕೂತವರು ಸ್ವಲ್ಪ ಅತ್ತ, ಇವರು ಸ್ವಲ್ಪ ಇತ್ತ, ನಡುವಿನ ಅಂತರ ಹಾಗೇ ಇತ್ತು, ಮಾತು ಮಾತ್ರ ಒಂದೇ ಆಯಿತು. ತಿಂಗಳಿಗೊಮ್ಮೆ ಒಂಟಿಯಾಗಿ ಕೂರುತ್ತಿದ್ದ ಜಾಗಕ್ಕೆ ಹಟ್ಟಿಯೇ ಎದ್ದು ಬಂದಿತ್ತು. ಚಂದ್ರಕಲಾ ಕೇಳಿದಳೆಂದು ನಾನೂ ಗಾಡಿಯ ಹಿಂಬಾಗಿಲ ಮೇಲೆ ಕೂತು ಒಂದು ಅಧ್ಯಾಯ ಪಾಠ ಮಾಡಿದೆ. ಕೇಳಿಸಿಕೊಂಡವರಲ್ಲಿ ಅರ್ಧ ಜನ ಕೈಯಲ್ಲಿ ಮೆಣಸಿನಕಾಯಿ ಹಿಡಿದಿದ್ದರು. ನನ್ನ ವೃತ್ತಿಜೀವನದಲ್ಲಿ ಯಾರೂ ಆಕಳಿಸದ ತರಗತಿ ಅದೇ.

ಬೇರೆ ಹಟ್ಟಿಗಳಲ್ಲೂ ಹೀಗೇ ಆಯಿತು. ಪ್ರತಿಯೊಂದಕ್ಕೂ ಒಂದು ಗಡಿ, ಗಡಿಯಾಚೆ ಒಂದು ಮರ. ಚಿಕ್ಕವ್ವನ ವ್ಯಾಪಾರ ಮೊದಲಿಗಿಂತ ಬೆಳೆಯಿತು. ಅವಳು ಕೋಣೆಗೆ ಬರುವುದಿಲ್ಲವೆಂದು ಅವ್ವನಿಗೂ ಖಾತ್ರಿಯಾಗಿ, ಅಲ್ಲೀಗ ಚಿಕ್ಕವ್ವನ ಮಂಡಕ್ಕಿ ಚೀಲಗಳನ್ನು ಪೇರಿಸಿದ್ದಾಳೆ.

ಹೆಂಗಸರ ಆ ನಗುವಿನ ನಡುವೆ ಕೂತಿದ್ದಾಗಲೇ ನನಗೆ ಒಂದೊಂದಾಗಿ ಜ್ಞಾಪಕ ಬಂದದ್ದು. ಅಲುಗದ ಮಂಕರಿಯ ಕಲ್ಲು. ದಾರ ಹಿಡಿದಂತೆ ಹೋದ ರಿವರ್ಸು. ಇಂಜಿನ್ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂಬ ಆ ಮಾತು. ನನ್ನ ಚಿಕ್ಕವ್ವ ಅಷ್ಟು ದೊಡ್ಡ ಜೂಜು ಆಡುವವಳೇ? ಅಷ್ಟು ಜನರ ನಂಬಿಕೆಯನ್ನು ನಡುಬೀದಿಯಲ್ಲಿ ಅಲುಗಾಡಿಸಿ, ತನ್ನ ಅನ್ನವನ್ನೂ ಪಣಕ್ಕಿಟ್ಟು? ಅಥವಾ ಎದೆಗುಂದುವ ಬದಲು ಒಲೆ ಹಚ್ಚುವವಳ ಸುತ್ತ ನಾನೇ ಹೀಗೊಂದು ಸಂಚು ಕಟ್ಟುತ್ತಿದ್ದೇನೆಯೇ? ಬೋರಯ್ಯನವರು 'ನೀನು ಬೇಕಂತ ಮಾಡಿದ್ದಲ್ಲ' ಎಂದಾಗ ಅವಳು ತಲೆ ತಗ್ಗಿಸಿದ್ದು ನಾಚಿಕೆಗೋ, ನಗು ಮುಚ್ಚಲೋ?

ಹೆಂಗಸರೆಲ್ಲ ಕೈಕಾಲು ತೊಳೆದು ಒಳಗೆ ಹೋದ ಮೇಲೆ, ಅವಳು ಬಾಣಲೆಯ ತಳ ಉಜ್ಜುತ್ತಿದ್ದಾಗ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. ಉಜ್ಜುವ ಕೈ ಒಂದು ಗಳಿಗೆ ನಿಂತು ಮತ್ತೆ ಓಡಿತು. ಆಮೇಲೆ ಎಷ್ಟೋ ಸಲ ನಮ್ಮ ಮನೆಗೆ ಬಂದಿದ್ದಾಳೆ, ಟೈರಿನ ಬಗ್ಗೆ, ಈರುಳ್ಳಿಯ ಬಗ್ಗೆ, ಇಂಜಿನಿಯರನ ಹೆಂಡತಿ ಕಲಿತ ಕನ್ನಡದ ಬಗ್ಗೆ ಬಾಯಿ ತುಂಬ ಮಾತಾಡಿದ್ದಾಳೆ. ಅವತ್ತು ನಾನು ಕೇಳಿದ್ದು ಇಷ್ಟೇ: "ಚಿಕ್ಕವ್ವ, ಆ ಕೋಳಿ ತಾನಾಗೇ ಗಾಡಿ ಹತ್ತಿತ್ತಾ?"